ಅಪ್ಪಣೆ ಯಾರದು?

ಸೊಲ್ಲಾಪುರದ ಚಾದರು ಹೊದ್ದವರು ಅದರ ಮೇಲಿನ ನವಿಲು, ಬಳ್ಳಿ, ಹೂವುಗಳನ್ನು ನೋಡಿರುತ್ತಾರೆ. ಆ ಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಲ್ಲ, ನೇಯುವಾಗಲೇ ಮೂಡಿಸಿದ್ದಾರೆ. ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಸಲಕರಣೆ ಕೂತಿರುತ್ತದೆ. ಅದರಿಂದ ತೂತು ಕೊರೆದ ರಟ್ಟುಗಳ ಉದ್ದನೆಯ ಸರವೊಂದು ಜೋತು ಬಿದ್ದಿರುತ್ತದೆ. ತೂತು ಇದ್ದಲ್ಲಿ ಸೂಜಿ ಒಳಗೆ ಹಾಯುತ್ತದೆ, ಅದಕ್ಕೆ ಸೇರಿದ ಹಾಸಿನ ಎಳೆ ಮೇಲೇಳುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಹಾಯ್ದರೆ ಹೊಕ್ಕಿನ ಒಂದು ಸಾಲು ಮುಗಿಯಿತು, ಮುಂದಿನ ರಟ್ಟು ಎದುರಿಗೆ ಬಂತು.

ಮಗ್ಗಕ್ಕೆ ನವಿಲು ಗೊತ್ತಿಲ್ಲ. ಎದುರಿಗೆ ಬಂದ ರಟ್ಟು ಹೇಳಿದಂತೆ ಎಳೆ ಎತ್ತುವುದಷ್ಟೇ ಅದರ ಕೆಲಸ. ಸರದ ನಡುವೆ ಯಾರಾದರೂ ನಾಲ್ಕು ರಟ್ಟು ಬದಲಿಸಿಟ್ಟರೆ ತಕರಾರಿಲ್ಲದೆ ಅದನ್ನೇ ನೇಯುತ್ತದೆ. ಈ ರಟ್ಟು ಮಾಲೀಕರು ಕೊಟ್ಟದ್ದೋ, ಹೊರಗಿನವರು ತುರುಕಿದ್ದೋ ಎಂದು ವಿಚಾರಿಸುವ ಅಂಗವೇ ಅದಕ್ಕಿಲ್ಲ.

ಮನೆಯ ಕಂಪ್ಯೂಟರಿನ ಸುರಕ್ಷತೆಯ ಮಾತನ್ನು ಮಗ್ಗದಿಂದ ಶುರು ಮಾಡಲು ಕಾರಣವಿದೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ 1804ರ ಸುಮಾರಿಗೆ ಈ ಸಲಕರಣೆಗೆ ಒಂದು ಹದ ತಂದ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಅದೇ ರಟ್ಟುಗಳನ್ನು ಬಳಸಲು ಹೊರಟ. ಸುಮಾರು 24,000 ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದ ಜಕಾರನ ಭಾವಚಿತ್ರವೊಂದು ಬ್ಯಾಬೇಜನ ಮನೆಯಲ್ಲಿತ್ತು. ಆ ಯಂತ್ರ ಬೀಜಗಣಿತದ ವಿನ್ಯಾಸಗಳನ್ನು ನೇಯಬಲ್ಲದೆಂದು ಏಡಾ ಲವ್‌ಲೇಸ್ 1843ರಲ್ಲಿ ಬರೆದಳು. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತ್ ತೂತಿನ ಕಾರ್ಡುಗಳಿಂದಲೇ ಎಣಿಸಿದ. ಸೊಲ್ಲಾಪುರದ ಮಗ್ಗದ ಕೇರಿಗಳಲ್ಲಿ ನಡೆಯುವ ಕೆಲಸ ಗಣಕದ ವಂಶಾವಳಿಯಲ್ಲಿ ಅಜ್ಜನ ಸ್ಥಾನದಲ್ಲಿದೆ.

ಮಗ್ಗದಲ್ಲಿ ಒಂದು ವಿಷಯ ನಿಚ್ಚಳವಾಗಿತ್ತು: ನೂಲು ಬೇರೆ, ರಟ್ಟು ಬೇರೆ. ನೂಲು ಎಂದೂ ಅಪ್ಪಣೆ ಕೊಡುವುದಿಲ್ಲ. 1945ರಲ್ಲಿ ಜಾನ್ ವಾನ್ ನಾಯ್ಮನ್ ಬರೆದ ವರದಿಯಿಂದ ಪ್ರಸಿದ್ಧವಾದ ಗಣಕದ ವಿನ್ಯಾಸ ಈ ಗೋಡೆಯನ್ನು ಕೆಡವಿತು. ಅಪ್ಪಣೆಯೂ ಅಂಕೆಸಂಖ್ಯೆಯೇ, ಮಾಹಿತಿಯೂ ಅಂಕೆಸಂಖ್ಯೆಯೇ, ಎರಡೂ ಒಂದೇ ನೆನಪಿನ ಕೋಶದಲ್ಲಿ ಇರಲಿ ಎಂದಿತು. ಒಂದೇ ಯಂತ್ರದಲ್ಲಿ ಇವತ್ತು ಪತ್ರ ಬರೆದು, ಹಾಡು ಕೇಳಿ, ಬ್ಯಾಂಕಿನ ವ್ಯವಹಾರ ಮಾಡುವ ಸೌಕರ್ಯ ಬಂದದ್ದು ಇದರಿಂದ. ಆದರೆ ಚಿತ್ರದ ವೇಷ ತೊಟ್ಟ ಅಪ್ಪಣೆ ಒಳನುಗ್ಗುವ ದಾರಿಯೂ ಇದರಿಂದಲೇ ತೆರೆಯಿತು. ವೈರಸ್ಸು, ಕುತಂತ್ರಾಂಶ ಎಂದು ನಾವು ಕರೆಯುವ ಬಹುಪಾಲು ಸಂಗತಿಗಳ ಬೇರು ಇಲ್ಲಿದೆ.

ಲಗ್ನಪತ್ರಿಕೆಯ ವೇಷ

ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟೆ ತಾಲೂಕಿನ ದುಧನಿಯಂಥ ಊರನ್ನು ತೆಗೆದುಕೊಳ್ಳಿ. ಸೊಲ್ಲಾಪುರದಿಂದ ಕಲಬುರಗಿಗೆ ಹೋಗುವ ರೈಲು ಹಳಿಯ ಮೇಲಿದೆ, ಆಡಳಿತ ಮರಾಠಿಯಲ್ಲಿದೆ, ಮನೆಮಾತು ಬಹಳಷ್ಟು ಕಡೆ ಕನ್ನಡ. ಬೀಗತನಕ್ಕೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಇಂಡಿ, ಆಳಂದ, ಅಫಜಲಪುರ, ಸೊಲ್ಲಾಪುರ, ಎಲ್ಲಿಂದಲೂ ಲಗ್ನಪತ್ರಿಕೆ ಬರುತ್ತದೆ. ಮೊದಲು ಕುಂಕುಮ ಹಚ್ಚಿದ ಪತ್ರಿಕೆ ಹಿಡಿದು ಜನ ಬರುತ್ತಿದ್ದರು, ಈಗ ಅದರ ಜೊತೆಗೆ ವಾಟ್ಸಾಪಿಗೂ ಬರುತ್ತದೆ.

ಲಗ್ನದ ಹಂಗಾಮಿನಲ್ಲಿ ಹೀಗೊಂದು ಕಡತ ಬಂತು ಎನ್ನೋಣ. ಕಳಿಸಿದ ನಂಬರು ಪರಿಚಯದವರದ್ದು. ಮೇಲೆ ‘ಮದುವೆಗೆ ತಪ್ಪದೆ ಬನ್ನಿ’ ಎಂಬರ್ಥದ ಹಿಂದಿಯ ಒಂದು ಸಾಲು. ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಅಕ್ಷರ. ಪತ್ರಿಕೆ ನಿಜವಾಗಿ ಚಿತ್ರವಾಗಿದ್ದರೆ ಕೊನೆಯಲ್ಲಿ ‘ಜೆಪಿಜಿ’ ಅಥವಾ ‘ಪಿಡಿಎಫ್’ ಎಂದಿರಬೇಕಿತ್ತು. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಹೊಸ ಆ್ಯಪ್ ಕೂರಿಸುವ ಗಂಟು. ಅಂದರೆ ಬಂದದ್ದು ನೂಲಲ್ಲ, ರಟ್ಟಿನ ಸರ.

ಅದನ್ನು ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಇದನ್ನು ಬಹಳ ಜನ ಗಮನಿಸಿಲ್ಲ. ಫೋನು ಮೊದಲು ತಡೆಯುತ್ತದೆ: ಈ ಮೂಲದಿಂದ ಬಂದ ಆ್ಯಪ್ ಕೂರಿಸಲು ಅನುಮತಿ ಇಲ್ಲ, ಬೇಕಿದ್ದರೆ ಸೆಟ್ಟಿಂಗಿಗೆ ಹೋಗಿ ಒಪ್ಪಿಗೆ ಕೊಡಿ ಎನ್ನುತ್ತದೆ. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ಮೂಲಕ್ಕೂ ಹೀಗೆ ಬೇರೆ ಬೇರೆಯಾಗಿ ಒಪ್ಪಿಗೆ ಕೇಳುವ ಏರ್ಪಾಡಿದೆ. ಒಪ್ಪಿದ ಮೇಲೆ ಆ್ಯಪ್ ಕೂರುತ್ತದೆ, ಎಸ್ಸೆಮ್ಮೆಸ್ ಓದಲು, ಸಂಪರ್ಕ ಪಟ್ಟಿ ನೋಡಲು ಅನುಮತಿ ಕೇಳುತ್ತದೆ. ಕೆಲವು ‘ಆ್ಯಕ್ಸೆಸಿಬಿಲಿಟಿ’ ಎಂಬ ಸೌಲಭ್ಯವನ್ನೂ ಕೇಳುತ್ತವೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲೆಂದು, ಕೈ ಆಡದವರ ಪರವಾಗಿ ಗುಂಡಿ ಒತ್ತಲೆಂದು ಮಾಡಿದ ಸೌಲಭ್ಯ ಅದು. ಕಳ್ಳನ ಕೈಗೆ ಸಿಕ್ಕರೆ ಪರದೆಯ ಮೇಲಿನ ಎಲ್ಲವನ್ನೂ ಅವನು ಓದಬಲ್ಲ, ನಿಮ್ಮ ಪರವಾಗಿ ಒತ್ತಲೂ ಬಲ್ಲ. ಕೊನೆಗೆ ಆ್ಯಪಿನ ಚಿಹ್ನೆ ಪರದೆಯಿಂದ ಮರೆಯಾಗುತ್ತದೆ. ಪತ್ರಿಕೆ ತೆರೆಯಲಿಲ್ಲವಲ್ಲ ಎಂದು ಮನೆಯವರು ಫೋನು ಪಕ್ಕಕ್ಕಿಡುತ್ತಾರೆ. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿ ಎಲ್ಲೋ ಕೂತವನ ಕೈಗೂ ಹೋಗುತ್ತದೆ. ಅದೇ ‘ಪತ್ರಿಕೆ’ ಫೋನಿನಲ್ಲಿರುವ ಎಲ್ಲ ನಂಬರುಗಳಿಗೂ ಹೊರಡುತ್ತದೆ. ಹಾಗಾಗಿಯೇ ಅದು ಪರಿಚಯದವರ ನಂಬರಿನಿಂದ ಬಂದದ್ದು. 2024ರ ಕೊನೆಯ ಮದುವೆ ಹಂಗಾಮಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಇದರ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿದರು. ವಾಹನದ ದಂಡದ ಚಲನ್, ಸರ್ಕಾರಿ ಯೋಜನೆಯ ಅರ್ಜಿ, ಬ್ಯಾಂಕಿನ ಕೆವೈಸಿ, ಹೀಗೆ ಇದೇ ಗಂಟು ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇದೆ.

ಈ ನಾಟಕದಲ್ಲಿ ಬಾಗಿಲು ಕಾಯುವ ಪಾತ್ರ ಒಂದೇ: ಅನುಮತಿ ಕೇಳುವ ಆ ಪರದೆ. ಅದು ಯಾವ ಭಾಷೆಯಲ್ಲಿದೆ? ಅಕ್ಕಲಕೋಟೆ ತಾಲೂಕಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ತಾಯಂದಿರ ಕೈಯಲ್ಲೂ ಫೋನು ಅಂಗಡಿಯಿಂದ ಬಂದಂತೆ ಇಂಗ್ಲಿಷಿನಲ್ಲೇ ಇರುತ್ತದೆ. ಬ್ಯಾಂಕಿನ ಸಂದೇಶ ಇಂಗ್ಲಿಷ್, ಕಚೇರಿಯ ಕಾಗದ ಮರಾಠಿ, ಮೋಸಗಾರನ ಕರೆ ಹಿಂದಿ. ಅರ್ಥವಾಗದ ಭಾಷೆಯಲ್ಲಿ ಬಂದ ಎಚ್ಚರಿಕೆಗೆ ಮನುಷ್ಯ ಮಾಡುವುದು ಒಂದೇ, ಕೆಳಗಿರುವ ಗುಂಡಿಯನ್ನು ಒತ್ತಿ ಮುಂದೆ ಸಾಗುವುದು. ನನ್ನ ಮಟ್ಟಿಗೆ ಗಡಿನಾಡಿನ ಮನೆಗಳಿಗೆ ಅತಿ ದೊಡ್ಡ ಸುರಕ್ಷತಾ ಉಪಾಯವೆಂದರೆ ದುಬಾರಿ ಆ್ಯಂಟಿವೈರಸ್ ಅಲ್ಲ, ಫೋನಿನ ಸೆಟ್ಟಿಂಗಿನಲ್ಲಿ ಭಾಷೆಯನ್ನು ಕನ್ನಡಕ್ಕೋ ಮರಾಠಿಗೋ, ಆ ಮನೆಯವರು ಸರಾಗವಾಗಿ ಓದುವ ಭಾಷೆಗೆ, ಬದಲಿಸುವುದು. ಎರಡು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ.

ಪತ್ರಿಕೆ ಬಂದ ನಂಬರಿಗೆ ಒಂದು ಫೋನ್ ಹಚ್ಚಿ, ‘ಕಾಕಾ, ಪತ್ರಿಕಿ ನೀವಽ ಕಳಿಸೀರೇನ್ರಿ?’ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಆ್ಯಪ್ ಕೂರಿಸಿಬಿಟ್ಟಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಕೂಡ ಆರಿಸಬೇಕು, ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು. ಆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಗುಪ್ತಪದಗಳನ್ನು ಬೇರೆ ಸಾಧನದಿಂದ ಬದಲಿಸುವುದು ಕ್ಷೇಮ.

ವಿಳಾಸ ಓದುವ ಕ್ರಮ

ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆಯಿಂದ ಜನ ಬರುತ್ತಾರೆ. ಗುರುವಾರ, ಹುಣ್ಣಿಮೆಗಳಲ್ಲಿ ಉಳಿದುಕೊಳ್ಳಲು ಕೋಣೆ ಸಿಕ್ಕುವುದು ಕಷ್ಟ. ಹೀಗಾಗಿ ಹೊರಡುವ ಮುಂಚೆ ಗೂಗಲಿನಲ್ಲಿ ಭಕ್ತನಿವಾಸ ಎಂದು ಹುಡುಕುತ್ತಾರೆ. ಯಾತ್ರಾಸ್ಥಳಗಳ ವಸತಿ, ಕೇದಾರನಾಥದ ಹೆಲಿಕಾಪ್ಟರ್ ಮುಂತಾದವುಗಳ ಹೆಸರಿನಲ್ಲಿ ನಕಲಿ ಬುಕಿಂಗ್ ತಾಣಗಳು ಎದ್ದಿವೆಯೆಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲಿನಲ್ಲಿ ಎಚ್ಚರಿಸಿತ್ತು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವುದು ಅಸಲಿಯೇ ಆಗಬೇಕಿಲ್ಲ. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತೂ ಅಲ್ಲೇ ಕಾಣುತ್ತದೆ.

ತಾಣ ಯಾರದೆಂದು ತಿಳಿಯಲು ಅದರ ವಿಳಾಸ ಓದಬೇಕು, ಮತ್ತು ಅದನ್ನು ಅಂಚೆಯವರು ಓದುವ ಹಾಗೆ ಕೊನೆಯಿಂದ ಓದಬೇಕು. ‘ಮುಕ್ಕಾಂ ಪೋಸ್ಟ್ ನಾಗಣಸೂರ, ತಾಲೂಕು ಅಕ್ಕಲಕೋಟ, ಜಿಲ್ಲಾ ಸೊಲ್ಲಾಪುರ’ ಎಂದು ಬರೆದ ಕಾಗದ ಯಾವ ಚೀಲಕ್ಕೆ ಬೀಳಬೇಕೆಂದು ಕೊನೆಯ ಸಾಲು ಹೇಳುತ್ತದೆ. ಮೊದಲ ಸಾಲಿನಲ್ಲಿ ಎಷ್ಟೇ ದೊಡ್ಡವರ ಹೆಸರಿದ್ದರೂ ಕಾಗದ ಹೋಗುವುದು ಕೊನೆಯಲ್ಲಿ ಬರೆದ ಜಿಲ್ಲೆಗೆ. ಅಂತರ್ಜಾಲದ ವಿಳಾಸದಲ್ಲೂ ಮೊದಲ ಒಂಟಿ ಓರೆಗೀಟಿಗೆ (/) ಮುಂಚೆ ಬರುವ ಕೊನೆಯ ತುಂಡುಗಳೇ ಒಡೆಯನನ್ನು ತೋರಿಸುತ್ತವೆ. ‘ಎಸ್‌ಬಿಐ.ಬ್ಯಾಂಕ್.ಇನ್’ ಎಂದು ಮುಗಿದರೆ ಅದು ಬ್ಯಾಂಕಿನದು. ‘ಎಸ್‌ಬಿಐ.ಬ್ಯಾಂಕ್.ಇನ್.ಕೆವೈಸಿ-ಅಪ್‌ಡೇಟ್.ಟಾಪ್’ ಎಂದಿದ್ದರೆ ಅದರ ಒಡೆಯ ‘ಕೆವೈಸಿ-ಅಪ್‌ಡೇಟ್.ಟಾಪ್’ ಎಂಬ ಹೆಸರು ಕೊಂಡ ಯಾರೋ ಒಬ್ಬ. ಅದಕ್ಕೆ ಮುಂಚೆ ಬರುವುದೆಲ್ಲ ಅವನು ಬಾಯಿಗೆ ಬಂದಂತೆ ಸೇರಿಸಿಕೊಂಡದ್ದು.

ರಿಸರ್ವ್ ಬ್ಯಾಂಕು ಈ ಗೊಂದಲಕ್ಕೆ ಒಳ್ಳೆಯ ಪರಿಹಾರ ಕೊಟ್ಟಿದೆ. 2025ರ ಅಕ್ಟೋಬರ್ 31ರೊಳಗೆ ದೇಶದ ಬ್ಯಾಂಕುಗಳು ತಮ್ಮ ತಾಣಗಳನ್ನು ‘ಬ್ಯಾಂಕ್.ಇನ್’ ಎಂಬ ಬಾಲಕ್ಕೆ ಬದಲಿಸಬೇಕೆಂದು ಆದೇಶಿಸಿತು. ಆ ಬಾಲವನ್ನು ಬ್ಯಾಂಕುಗಳಿಗಷ್ಟೇ ಕೊಡುತ್ತಾರೆ. ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ನಂಬುವ ಕಾಲ ಮಾತ್ರ ಮುಗಿದಿದೆ. ಆ ಬೀಗ ಹೇಳುತ್ತಿದ್ದುದು ನಿಮ್ಮ ಮಾತು ದಾರಿಯಲ್ಲಿ ಯಾರಿಗೂ ಕೇಳಿಸದು ಎಂದಷ್ಟೇ, ಆಚೆ ತುದಿಯಲ್ಲಿರುವವನು ಸಾಚಾ ಎಂದಲ್ಲ. ಕಳ್ಳನೂ ಆ ಪ್ರಮಾಣಪತ್ರವನ್ನು ಪುಕ್ಕಟೆ ಪಡೆಯಬಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರಿನಿಂದ ಬೀಗದ ಚಿತ್ರವನ್ನು ತೆಗೆದುಹಾಕಿತು.

ಅಪ್‌ಡೇಟ್ ಎಂಬ ಬೇಸರದ ಕೆಲಸ

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ಬಿರುಕಿಗೆ ತೇಪೆ ಕೊಟ್ಟಿತು. ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಅದೇ ಬಿರುಕಿನಿಂದ ನುಗ್ಗಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ತೇಪೆ ಬಂದು ಎರಡು ತಿಂಗಳಾಗಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಮುಂದಿನ ತಿಂಗಳು, ಜೂನ್ 27ರಂದು, ನಾಟ್‌ಪೆಟ್ಯಾ ಎಂಬ ಇನ್ನೊಂದು ದಾಳಿ ಉಕ್ರೇನಿನ ಒಂದು ಲೆಕ್ಕಪತ್ರದ ತಂತ್ರಾಂಶದ ಮೂಲಕ ಹೊರಟು ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲನ್ನು ನಿಲ್ಲಿಸಿತು. ಕೀವ್‌ನಲ್ಲಿ ಹೊಕ್ಕ ತಪ್ಪು ಅಪ್ಪಣೆಗೆ ಮಹಾರಾಷ್ಟ್ರದ ಕರಾವಳಿಯಲ್ಲಿ ಕಂಟೇನರುಗಳು ನಿಂತಲ್ಲೇ ನಿಂತವು.

ಈ ಭಾಗದ ಅನೇಕ ಮನೆ, ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 10 ಓಡುತ್ತಿದೆ. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಹಳೆಯದಾಗಿ ಹೊಸ ವಿಂಡೋಸ್ ಕೂರದಿದ್ದರೆ ಉಬುಂಟುವಿನಂಥ ಲಿನಕ್ಸ್ ಹಾಕಿ ನೋಡಬಹುದು. ಪತ್ರ, ಲೆಕ್ಕ, ಅಂತರ್ಜಾಲ ಇಷ್ಟೇ ಕೆಲಸವಿದ್ದವರಿಗೆ ಅದು ಬೇಕಾದಷ್ಟಾಯಿತು. ಬಿಲ್ಲು, ಫೋಟೋಗಳ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಕಳಚಿಟ್ಟಿರಬೇಕು. ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ವಾನಾಕ್ರೈ ಬೀಗ ಹಾಕುತ್ತಿತ್ತು.

ಐದು ಪದಗಳ ಲೆಕ್ಕ

ಗಣಕಕ್ಕೆ ಗುಪ್ತಪದ ತಂದವರು ಅಮೆರಿಕದ ಎಂಐಟಿಯ ಫರ್ನಾಂಡೋ ಕೊರ್ಬಾಟೋ, 1960ರ ದಶಕದ ಆರಂಭದಲ್ಲಿ. ಒಂದೇ ದೊಡ್ಡ ಗಣಕವನ್ನು ಹಲವರು ಸರದಿಯಲ್ಲಿ ಬಳಸುತ್ತಿದ್ದರು. 1962ರಲ್ಲಿ ಆ್ಯಲನ್ ಶೆರ್ ಎಂಬ ಸಂಶೋಧಕ ತನಗೆ ಕೊಟ್ಟ ಸಮಯ ಸಾಲದೆಂದು, ಎಲ್ಲರ ಗುಪ್ತಪದ ಬರೆದಿಟ್ಟ ಕಡತವನ್ನೇ ಮುದ್ರಿಸಿಕೊಂಡ. ಅಲ್ಲಿಂದ ಕಲಿತ ಪಾಠದಿಂದ ಇವತ್ತಿನ ಒಳ್ಳೆಯ ತಾಣಗಳು ಗುಪ್ತಪದವನ್ನು ಇದ್ದಂತೆ ಇಡುವುದಿಲ್ಲ. ಅದನ್ನು ಗಣಿತದಲ್ಲಿ ಅರೆದು, ಹಿಂದಿರುಗಿಸಲಾಗದ ಒಂದು ಸಂಖ್ಯೆಯಾಗಿ ಇಡುತ್ತವೆ. ಆ ಸಂಖ್ಯೆಗಳ ಪಟ್ಟಿ ಸೋರಿದರೆ ಕಳ್ಳನಿಗೆ ಉಳಿಯುವ ದಾರಿ ಒಂದು: ಊಹಿಸಿದ ಪದಗಳನ್ನು ತಾನೂ ಹಾಗೆಯೇ ಅರೆದು ತಾಳೆ ನೋಡುವುದು.

ಇಲ್ಲಿ ಲೆಕ್ಕ ಕೈಗೆ ಬರುತ್ತದೆ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಮಾಡಿದ ಎಂಟಕ್ಷರದ ಗುಪ್ತಪದಗಳು ಒಟ್ಟು ಸುಮಾರು 20,900 ಕೋಟಿ. ಕೇಳಲು ದೊಡ್ಡದು. ಆದರೆ ಆಟಕ್ಕೆ ಬಳಸುವ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡು, ಹಳೆಯ ಬಗೆಯ ಅರೆಯುವಿಕೆಯಾದರೆ, ಸೆಕೆಂಡಿಗೆ 10,000 ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲದು. ಎರಡು ಸೆಕೆಂಡಿನಲ್ಲಿ ಮುಗಿಯಿತು. ಇನ್ನು ದೇವರ ಹೆಸರು, ಮಗಳ ಹೆಸರು, ಹುಟ್ಟಿದ ವರ್ಷ, ಕೊನೆಗೊಂದು 123 ಹಚ್ಚಿದ್ದರೆ ಅಷ್ಟು ಹೊತ್ತೂ ಬೇಡ, ಅಂಥವೆಲ್ಲ ಕಳ್ಳರ ಪಟ್ಟಿಯಲ್ಲಿ ಮೊದಲ ಪುಟದಲ್ಲೇ ಇರುತ್ತವೆ.

ಸೊಲ್ಲಾಪುರದವರಿಗೆ ಇಲ್ಲೊಂದು ಸಿರಿ ಇದೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕೇಳುವ ಊರು ಅದು. ನಾಲ್ಕು ಭಾಷೆಯಿಂದ 5,000 ಪದಗಳ ಭಂಡಾರ ಯಾವ ಮನೆಯಲ್ಲೂ ಸಿಕ್ಕೀತು. ಅದರಿಂದ ಸಂಬಂಧವಿಲ್ಲದ ಐದು ಪದಗಳನ್ನು, ಪುಸ್ತಕದ ಪುಟ ಕಣ್ಣುಮುಚ್ಚಿ ತೆರೆದು ಬೆರಳಿಟ್ಟು ಆಯ್ದರೆ, ಸಾಧ್ಯತೆಗಳು 3ರ ಮುಂದೆ 18 ಸೊನ್ನೆ ಹಾಕಿದಷ್ಟಾಗುತ್ತವೆ. ಅದೇ ಕಾರ್ಡು ಎಲ್ಲವನ್ನೂ ಪರೀಕ್ಷಿಸಲು ಸುಮಾರು ಒಂದು ವರ್ಷ ಬೇಕು. ಆರನೆಯ ಪದ ಸೇರಿಸಿದರೆ ಸುಮಾರು 5,000 ವರ್ಷ. ಜೋಳ, ಹಗ್ಗ, ಖಿಡ್ಕಿ, ಚೆಟ್ಟು, ಪಾಕಳಿ, ಗಂಧಕ: ಹೀಗೆ. ಇದೇ ಆರು ಪದಗಳನ್ನು ಬಳಸಬೇಡಿ, ಅಚ್ಚಾದ ಮೇಲೆ ಅವು ಗುಪ್ತವಲ್ಲ. ಮನಸ್ಸಿಗೆ ತೋಚಿದ ಪದಗಳನ್ನು ಆರಿಸುವುದೂ ಬೇಡ, ಮನುಷ್ಯನ ಮನಸ್ಸಿಗೆ ತೋಚುವುದು ಊಹೆಗೆ ಸಿಗುತ್ತದೆ.

ಒಂದೇ ಗುಪ್ತಪದವನ್ನು ಎಲ್ಲ ಕಡೆ ಬಳಸುವುದು ದುರ್ಬಲ ಗುಪ್ತಪದಕ್ಕಿಂತ ದೊಡ್ಡ ಅಪಾಯ. ಇಮೇಲಿಗೆ, ಬ್ಯಾಂಕಿಗೆ ಬೇರೆ ಬೇರೆ ಇರಲಿ. ನೆನಪಿರದಿದ್ದರೆ ಒಂದು ನೋಟುಬುಕ್ಕಿನಲ್ಲಿ ಬರೆದು ಟ್ರಂಕಿನಲ್ಲಿಡಿ. ಇದನ್ನು ತಪ್ಪೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ರಷ್ಯದಲ್ಲೋ ಕಾಂಬೋಡಿಯಾದಲ್ಲೋ ಕೂತ ಕಳ್ಳ ನಿಮ್ಮ ಟ್ರಂಕಿನವರೆಗೆ ಬರಲಾರ.

ವೈಫೈ ಪೆಟ್ಟಿಗೆಗೂ ಇದೇ ಮಾತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಿಂದ ಬಂದ ಸುಮಾರು 60 ಜೋಡಿ ಹೆಸರು, ಗುಪ್ತಪದಗಳನ್ನಷ್ಟೇ ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶ ಮಾಡಿಕೊಂಡಿತು. ಅಕ್ಟೋಬರ್ 21ರಂದು ಅವುಗಳಿಂದಲೇ ದಾಳಿ ಮಾಡಿಸಿ ಅಮೆರಿಕದ ದೊಡ್ಡ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ಮಲಗಿಸಿತು. ಕೇಬಲ್ಲಿನವರು ಪೆಟ್ಟಿಗೆ ಹಚ್ಚಿಕೊಟ್ಟ ದಿನವೇ ಅದರ ಒಳಗಿನ ‘ಆ್ಯಡ್ಮಿನ್’ ಗುಪ್ತಪದ ಬದಲಿಸಿಕೊಳ್ಳಿ.

ಮನುಷ್ಯನಿಗೆ ಕೊಡುವ ಅಪ್ಪಣೆ

ಯಂತ್ರಕ್ಕೆ ಸುಳ್ಳು ಅಪ್ಪಣೆ ತುರುಕುವುದು ಕಷ್ಟವಾದಂತೆಲ್ಲ ಕಳ್ಳರು ಯಂತ್ರ ಹಿಡಿದ ಮನುಷ್ಯನಿಗೇ ಅಪ್ಪಣೆ ಕೊಡತೊಡಗಿದರು. ಸೊಲ್ಲಾಪುರದಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ವಿಜಯಪುರದ ನಾಗರಿಕರೊಬ್ಬರಿಗೆ ಪೊಲೀಸ್ ವೇಷದವನೊಬ್ಬ ವಿಡಿಯೋ ಕರೆ ಮಾಡಿ ಬೆದರಿಸಲು ನೋಡಿದ. ಅವರು ಹೆದರದೆ ಆ ಕರೆಯನ್ನು ದಾಖಲಿಸಿಕೊಂಡರು. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ದೇಶಕ್ಕೆ ಕೇಳಿಸಿದ್ದು ಅದನ್ನೇ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಯಾವ ಪೊಲೀಸರೂ, ಯಾವ ನ್ಯಾಯಾಲಯವೂ ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ತನಿಖೆಗೆಂದು ದುಡ್ಡು ವರ್ಗಾಯಿಸಲು ಹೇಳುವುದಿಲ್ಲ. ನಕಲಿ ನ್ಯಾಯಾಲಯದ ಆದೇಶ ತೋರಿಸಿ ವೃದ್ಧರನ್ನು ದೋಚುವುದು ವಿಪರೀತಕ್ಕೆ ಹೋಗಿ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಮೋಸ ಹೋದವರು ದಡ್ಡರಲ್ಲ. ಕಳ್ಳ ಅವರಿಗೆ ಯೋಚಿಸಲು ಪುರಸತ್ತು ಕೊಡುವುದಿಲ್ಲ, ಕರೆ ಕಡಿಯಲು ಬಿಡುವುದಿಲ್ಲ, ಮನೆಯವರಿಗೆ ಹೇಳಬೇಡ ಎನ್ನುತ್ತಾನೆ. ಅವನ ಹಿಂದಿಯಲ್ಲಿ ಕಾನೂನಿನ ಕಲಮುಗಳು ಉದುರುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ಕನ್ನಡದಲ್ಲೇ ಉತ್ತರಿಸಿ, ಪಕ್ಕದಲ್ಲಿದ್ದವರನ್ನು ಕೂಗಿ ಕರೆಯಿರಿ. ಫೋನು ಕಡಿಯುವುದು ಅಪರಾಧವಲ್ಲ. ಯುಪಿಐ ವಿಚಾರದಲ್ಲಿ ನೆನಪಿಡಬೇಕಾದ್ದು ಇಷ್ಟೇ: ಹಣ ಪಡೆಯಲು ಪಿನ್ ಬೇಡ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಡ. ಹಣ ಬರುತ್ತದೆಂದು ನಂಬಿ ಪಿನ್ ಒತ್ತಿದಿರಿ ಎಂದರೆ ಹಣ ಹೊರಗೆ ಹೋಯಿತು.

ಹಣ ಹೋಗಿಯೇ ಬಿಟ್ಟರೆ ಕರೆ ಮಾಡಬೇಕಾದ ರಾಷ್ಟ್ರೀಯ ಸಂಖ್ಯೆ 1930. ಸೊಲ್ಲಾಪುರದವರಿಗೆ ಇದನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಗಾಂಧೀಜಿಯ ಬಂಧನದ ಸುದ್ದಿ ಕೇಳಿ ಈ ನಗರ ಸಿಡಿದೆದ್ದು, ಬ್ರಿಟಿಷರ ಆಡಳಿತವಿಲ್ಲದೆ ಕೆಲವು ದಿನ ಕಳೆದು, ಬಳಿಕ ಮಾರ್ಷಲ್ ಲಾ ಕಂಡದ್ದು 1930ರ ಮೇ ತಿಂಗಳಲ್ಲಿ. ಆ ಕಾರಣಕ್ಕೆ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಅವರ ಹೆಸರಿನಲ್ಲಿ ಊರ ನಡುವೆ ಚೌಕವಿದೆ. ಸಹಾಯವಾಣಿಗೆ ಆ ಸಂಖ್ಯೆ ಬಂದದ್ದು ಕಾಕತಾಳೀಯ, ಆದರೆ ಊರಿಗೆ ಒದಗಿಬಂದ ಕಾಕತಾಳೀಯ.

ಕದ್ದ ಹಣ ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಬಾಡಿಗೆಗೆ ಪಡೆದ ಖಾತೆಯಿಂದ ಖಾತೆಗೆ ಹಾರುತ್ತಾ ಕೊನೆಗೆ ಎಟಿಎಮ್ಮಿನಿಂದಲೋ ಕ್ರಿಪ್ಟೋ ಆಗಿಯೋ ಹೊರಬೀಳುತ್ತದೆ. 1930ಕ್ಕೆ ದೂರು ಬಂದ ಕೂಡಲೇ ಆ ಸರಣಿಯ ಬ್ಯಾಂಕುಗಳಿಗೆ ಸೂಚನೆ ಹೋಗಿ, ಇನ್ನೂ ಹೊರಬೀಳದ ಹಣವನ್ನು ತಡೆಹಿಡಿಯುತ್ತಾರೆ. ತಡಮಾಡಿದಷ್ಟೂ ತಡೆಯಲು ಉಳಿದಿರುವ ಹಣ ಕಮ್ಮಿ. ನಿಮ್ಮ ತಪ್ಪಿಲ್ಲದೆ ಬೇರೆಯವರ ಕೈವಾಡದಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂಬ ನಿಯಮವನ್ನೂ ರಿಸರ್ವ್ ಬ್ಯಾಂಕು 2017ರಲ್ಲಿ ತಂದಿತ್ತು.

ಆದರೆ ಮನೆಗಳಲ್ಲಿ ಆಗುವುದೇನು? ಅವ್ವ ಹೇಳುವುದಿಲ್ಲ, ಮಗ ಬೈಯುತ್ತಾನೆಂದು. ಅಪ್ಪ ಹೇಳುವುದಿಲ್ಲ, ಓಣಿಯವರು ನಗುತ್ತಾರೆಂದು. ಎರಡು ದಿನ ಕಳೆದು ಗೊತ್ತಾಗುವಾಗ ಹಣ ದೇಶ ದಾಟಿರುತ್ತದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕಂಪ್ಯೂಟರಿನ ಕೆಲಸದಲ್ಲಿರುವ ಮಕ್ಕಳು ಈ ಸಲ ಊರಿಗೆ ಹೋದಾಗ ಹಿರಿಯರ ಫೋನಿನ ಭಾಷೆ ಬದಲಿಸಿಕೊಡಿ, 1930 ಸೇವ್ ಮಾಡಿಕೊಡಿ, ಏನಾದರೂ ಆದರೆ ನಾನು ಬೈಯುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿ. ಹಾಗೇನಾದರೂ ಆಗಿ ಅವರು ನಿಮಗೆ ಹೇಳಿದ ದಿನ, ಹೇಗಾಯಿತು ಏನಾಯಿತು ಎಂಬ ವಿಚಾರಣೆ ಆಮೇಲೆ ಇಟ್ಟುಕೊಂಡು ಮೊದಲು 1930ಕ್ಕೆ ಫೋನ್ ಹಚ್ಚಿ.